ಆಡುಮಾತಿನ ಅರಬಿಯಲ್ಲಿ ಮರಳಿ ಬರುವ ಸರ್ವನಾಮ: ಅದು ವಾಕ್ಯದ್ವೀಪದಿಂದ ಪಾರುಮಾಡುವ ದೋಣಿಯೇ?

ಕಡಲತಡಿ

ನಾನು ಹನ್ನೊಂದು ವರ್ಷಗಳಿಂದ ಶಾರ್ಜಾದಲ್ಲಿದ್ದೇನೆ. ಅರಬಿಯನ್ನು ಶಾಲೆಯಲ್ಲಿ ಕಲಿತವನಲ್ಲ. ಜೋರ್ಡನ್, ಪ್ಯಾಲೆಸ್ತೀನ್ ಮತ್ತು ಲೆಬನಾನಿನ ಸಹೋದ್ಯೋಗಿಗಳ ನಡುವೆ ಕೂತು ಕಿವಿಯಿಂದಲೇ ಕಲಿತವನು. ಮೊದಲ ವರ್ಷ ನಾನು ಮಾಡುತ್ತಿದ್ದ ಒಂದು ತಪ್ಪಿನಿಂದ ಈ ಚರ್ಚೆಯನ್ನು ಆರಂಭಿಸುತ್ತೇನೆ.

"ನಾನು ಸಹಿ ಹಾಕಿದ ಕಾಗದ ಎಲ್ಲಿದೆ" ಎಂದು ಕೇಳಬೇಕಿತ್ತು. "ವೇನ್ ಇಲ್-ವರಕ ಇಲ್ಲಿ ವಕ್ಕಅತ್" ಎಂದು ಹೇಳಿ ನಿಲ್ಲಿಸಿದೆ ("ವೇನ್" ಎಂದರೆ "ಎಲ್ಲಿ"). ಎದುರಿಗಿದ್ದ ಸಹೋದ್ಯೋಗಿ ಉತ್ತರ ಕೊಡಲಿಲ್ಲ, ಇನ್ನೂ ಏನೋ ಬರಲಿದೆ ಎಂಬಂತೆ ನನ್ನ ಮುಖ ನೋಡುತ್ತಾ ಕಾದರು. ಕೊನೆಗೆ ಅವರೇ "ಅಲೇಹಾ" ಎಂದು ಸೇರಿಸಿದರು. ಎಂದರೆ "ಅದರ ಮೇಲೆ". "ನಾನು ಅದರ ಮೇಲೆ ಸಹಿ ಹಾಕಿದ ಕಾಗದ" ಎಂದಾಗಲೇ ಅವರ ಕಿವಿಗೆ ವಾಕ್ಯ ಪೂರ್ತಿಯಾಗುವುದು. ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕೂ ಇದೆ. ಸಂಬಂಧ ಸೂಚಿಸುವ ಅವರ "ಇಲ್ಲಿ" ಎಂಬ ಪದ ನಮ್ಮ ಸ್ಥಳವಾಚಕ "ಇಲ್ಲಿ"ಯಂತೆಯೇ ಕೇಳುತ್ತದೆ. ಎಷ್ಟೋ ದಿನ ನಾನು ಅವರು ಜಾಗ ತೋರಿಸುತ್ತಿದ್ದಾರೆಂದೇ ತಿಳಿದಿದ್ದೆ.

ಇತ್ತೀಚೆಗೆ ವಾಕ್ಯರಚನೆಯ ಬಗ್ಗೆ ಓದುತ್ತಿರುವಾಗ ಭಾಷಾವಿಜ್ಞಾನಿಗಳು ಇಂಥ ಪದವನ್ನು "ರಿಸಂಪ್ಟಿವ್ ಪ್ರೊನೌನ್", ಅಂದರೆ ಮರಳಿ ಬರುವ ಸರ್ವನಾಮ, ಎನ್ನುತ್ತಾರೆಂದು ತಿಳಿಯಿತು. ವಾಕ್ಯದೊಳಗೆ "ಐಲ್ಯಾಂಡ್"ಗಳು, ಅಂದರೆ ದ್ವೀಪಗಳು, ಇವೆ, ಅವುಗಳ ಒಳಗಿನಿಂದ ಯಾವ ಪದವನ್ನೂ ಹೊರಕ್ಕೆ ಸೆಳೆಯಲಾಗದು, ಆದರೆ ಸರ್ವನಾಮವನ್ನು ಇಟ್ಟರೆ ವಾಕ್ಯ "ಪಾರಾಗುತ್ತದೆ" ಎಂದು ಓದಿದೆ. ಅರಬಿಯ ಈ "-ಹಾ" (ಸ್ತ್ರೀಲಿಂಗದ್ದು), "-ಒ" (ಪುಲ್ಲಿಂಗದ್ದು) ಪ್ರತ್ಯಯಗಳು ನಿಜಕ್ಕೂ ಪಾರುಮಾಡುವ ದೋಣಿಗಳೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು. (ಐನ್ ಎಂಬ ಗಂಟಲಿನ ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲವಾದ್ದರಿಂದ "ಅ" ಎಂದೇ ಬರೆದಿದ್ದೇನೆ.)

ವಾಕ್ಯವಿಚಾರಿ

ತಮ್ಮ ಸಹೋದ್ಯೋಗಿ ಕಾದು ನಿಂತ ಆ ಕ್ಷಣದಲ್ಲೇ ಉತ್ತರದ ಬಹುಪಾಲು ಇದೆ ಎಂದು ನನಗನ್ನಿಸುತ್ತದೆ. ಆದರೂ ಮೊದಲಿನಿಂದ ಹೇಳುತ್ತೇನೆ.

"ದ್ವೀಪ" ಎಂಬ ಹೆಸರನ್ನು ಕೊಟ್ಟವರು ಜಾನ್ ರಾಬರ್ಟ್ ರಾಸ್, 1967ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ತಮ್ಮ ಪ್ರಬಂಧದಲ್ಲಿ. ಇಂಗ್ಲಿಷಿನಂಥ ಭಾಷೆಯಲ್ಲಿ ಪ್ರಶ್ನಾಪದವು ತನ್ನ ಜಾಗ ಬಿಟ್ಟು ವಾಕ್ಯದ ಮುಂದಕ್ಕೆ ಬರುತ್ತದೆ, ಎಷ್ಟು ದೂರದಿಂದಲಾದರೂ ಬರಬಲ್ಲದು. ಆದರೆ ಒಂದು ನಾಮಪದವನ್ನು ಬಣ್ಣಿಸುವ ಉಪವಾಕ್ಯದ ಒಳಗಿನಿಂದ, ಅಥವಾ "ಮತ್ತು" ಎಂದು ಜೋಡಿಸಿದ ಎರಡು ಪದಗಳಲ್ಲಿ ಒಂದನ್ನಷ್ಟೇ ಕಿತ್ತುಕೊಂಡು, ಬರಲಾರದು. ಹಾಗೆ ಸುತ್ತ ನೀರು ತುಂಬಿದ ತುಂಡುಗಳೇ ದ್ವೀಪಗಳು. "ಮುಂಚೆ", "ಏಕೆಂದರೆ" ಮುಂತಾದವು ಕಟ್ಟುವ ಕ್ರಿಯಾವಿಶೇಷಣದ ಉಪವಾಕ್ಯಗಳನ್ನೂ ಈ ಪಟ್ಟಿಗೆ ಸೇರಿಸುತ್ತಾರೆ. ಬಹಳ ಜನ ಮರೆಯುವ ಸಂಗತಿಯೆಂದರೆ, ರಾಸ್ ಅವರೇ ಆ ಪ್ರಬಂಧದಲ್ಲಿ ಎರಡು ಬಗೆಯ ನಿಯಮಗಳನ್ನು ಬೇರ್ಪಡಿಸಿದ್ದರು: ಪದವನ್ನು ಕತ್ತರಿಸಿ ಒಯ್ದು ಹಿಂದೆ ತೆರಪು ಬಿಡುವ ನಿಯಮ ಒಂದು, ಪದದ ನಕಲನ್ನು ಸರ್ವನಾಮವಾಗಿ ಹಿಂದೆಯೇ ಉಳಿಸುವ ನಿಯಮ ಇನ್ನೊಂದು. ದ್ವೀಪದ ಕಟ್ಟುಪಾಡು ಮೊದಲನೆಯದಕ್ಕೆ ಮಾತ್ರ ಎಂದು ಅವರು ಆಗಲೇ ಹೇಳಿದ್ದರು.

ಇನ್ನು ಪ್ಯಾಲೆಸ್ತೀನಿನ ಆಡುಮಾತಿಗೆ ಬರೋಣ. "ಇಲ್-ಬಿಂತ್ ಇಲ್ಲಿ ಶುಫ್ತ್-ಹಾ" ಎಂದರೆ "ನಾನು ನೋಡಿದ ಹುಡುಗಿ". ಕೊನೆಯ "-ಹಾ" ಎಂದರೆ "ಅವಳನ್ನು". ಇದರಲ್ಲಿ ದ್ವೀಪವೇ ಇಲ್ಲ. ಇದಕ್ಕಿಂತ ಸರಳವಾದ ವಾಕ್ಯ ಇರಲಾರದು. ಆದರೂ "-ಹಾ" ಬೇಕೇ ಬೇಕು. ಅದಿಲ್ಲದೆ "ಇಲ್-ಬಿಂತ್ ಇಲ್ಲಿ ಶುಫ್ತ್" ಎಂದು ಯಾರೂ ಹೇಳುವುದಿಲ್ಲ. "ಇಲ್-ಬಿಂತ್ ಇಲ್ಲಿ ಫಕ್ಕರ್ತ್ ಫೀಹಾ", ಅಂದರೆ ನಾನು ಯಾರ ಬಗ್ಗೆ ಯೋಚಿಸಿದೆನೋ ಆ ಹುಡುಗಿ. "ಇಲ್-ಬಿಂತ್ ಇಲ್ಲಿ ಶುಫ್ತ್ ಬೇತ್-ಹಾ", ಅಂದರೆ ನಾನು ಯಾರ ಮನೆ ನೋಡಿದೆನೋ ಆ ಹುಡುಗಿ. ಕರ್ಮವಾಗಲಿ, ಉಪಸರ್ಗದ ಅಡಿಯಲ್ಲಿರಲಿ, ಷಷ್ಠಿಯಾಗಿರಲಿ, ಸರ್ವನಾಮ ಹಾಜರಿರಲೇಬೇಕು.

ಈಗ ದ್ವೀಪದೊಳಗೆ ಹೋಗೋಣ. "ಇಲ್-ವಲದ್ ಇಲ್ಲಿ ಬಅರಿಫ್ ಇಲ್-ಬಿಂತ್ ಇಲ್ಲಿ ಬಿತ್‌ಹಿಬ್ಬೊ." ಯಾವ ಹುಡುಗನನ್ನು ಪ್ರೀತಿಸುವ ಹುಡುಗಿಯನ್ನು ನಾನು ಬಲ್ಲೆನೋ ಆ ಹುಡುಗ. ಎರಡು "ಇಲ್ಲಿ"ಗಳಿವೆ, ಒಂದರ ಹೊಟ್ಟೆಯಲ್ಲಿ ಇನ್ನೊಂದು. ಕೊನೆಯ "-ಒ" ಒಳಗಿನ ದ್ವೀಪದಿಂದ ಹೊರಗಿನ ಹುಡುಗನ ಕಡೆಗೆ ಕೈಚಾಚುತ್ತದೆ, ಯಾವ ತಡೆಯೂ ಆಗುವುದಿಲ್ಲ. ಕೈರೋದ ಮಾತಿನಲ್ಲಿ "ಇರ್-ರಾಗಿಲ್ ಇಲ್ಲಿ ಮಿಶೀತ್ ಅಬ್ಲ್ ಮಾ ಅಶೂಫೂ", ಎಂದರೆ ಯಾವ ಗಂಡಸನ್ನು ನೋಡುವ ಮುಂಚೆಯೇ ನಾನು ಹೊರಟೆನೋ ಆ ಗಂಡಸು. ಇದೂ ಸರಾಗ. "ಇಲ್-ಬಿಂತ್ ಇಲ್ಲಿ ಶುಫ್ತ್-ಹಾ ಹಿಯ್ಯೆ ವ್-ಇಮ್ಮ್-ಹಾ", ಅಂದರೆ ಯಾರನ್ನೂ ಯಾರ ತಾಯಿಯನ್ನೂ ನಾನು ನೋಡಿದೆನೋ ಆ ಹುಡುಗಿ. ಜೋಡಿಪದಗಳ ದ್ವೀಪವೂ ಅಡ್ಡಿಯಾಗಲಿಲ್ಲ.

ಇದನ್ನು "ಪಾರಾಗುವುದು" ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಮುಳುಗುವ ಅಪಾಯ ಇದ್ದವರನ್ನು ಮಾತ್ರ ಪಾರುಮಾಡಬಹುದು. ಈ ಆಡುಮಾತುಗಳ ಸಂಬಂಧವಾಚಕ ರಚನೆಯಲ್ಲಿ ಯಾವ ಪದವೂ ತನ್ನ ಜಾಗದಿಂದ ಹೊರಟೇ ಇಲ್ಲ. ಹೊರಗಿನ ನಾಮಪದ ಹೊರಗೇ ಹುಟ್ಟಿದೆ, ಒಳಗಿನ ಸರ್ವನಾಮ ಒಳಗೇ ಹುಟ್ಟಿದೆ, ಎರಡರ ನಡುವೆ ಇರುವುದು ಅರ್ಥದ ನಂಟು. ಪ್ರಯಾಣವೇ ಇಲ್ಲದ ಮೇಲೆ ಸುತ್ತಲಿನ ನೀರು ಯಾರನ್ನು ತಡೆಯಬೇಕು?

ನಹ್ವ್ ವಿದ್ಯಾರ್ಥಿ

ಭಟ್ಕಳದಲ್ಲಿ ಬಾಲ್ಯದಿಂದ ನಹ್ವ್, ಅಂದರೆ ಅರಬಿ ವ್ಯಾಕರಣವನ್ನು, ಓದಿದವನಾದ್ದರಿಂದ ಒಂದು ಮಾತು ಸೇರಿಸುವ ಆಸೆಯಾಗಿದೆ. ನೀವು ಹೊಸದಾಗಿ ಚರ್ಚಿಸುತ್ತಿರುವ ಈ ಸರ್ವನಾಮಕ್ಕೆ ಅರಬರ ವ್ಯಾಕರಣ ಪರಂಪರೆಯಲ್ಲಿ ಬಹಳ ಹಳೆಯ ಹೆಸರಿದೆ: "ಆಇದ್", ಎಂದರೆ "ಮರಳುವುದು", ಹಿಂದಿನ ನಾಮಪದದ ಕಡೆಗೆ ಮರಳಿ ಹೋಗುವುದು. ಸಂಬಂಧವಾಚಕ ಪದ "ಮೌಸೂಲ್", ಅದರ ನಂತರ ಬರುವ ಉಪವಾಕ್ಯ "ಸಿಲಾ", ಸಿಲಾದ ಒಳಗೆ ಮೌಸೂಲ್ ಕಡೆಗೆ ಮರಳುವ ಒಂದು ಆಇದ್ ಇರಬೇಕು. ನಮಗೆ ಪಾಠ ಹೇಳಿದವರು ಪ್ರತಿ ವಾಕ್ಯದಲ್ಲೂ "ಆಇದ್ ಎಲ್ಲಿದೆ ತೋರಿಸು" ಎಂದು ಕೇಳುತ್ತಿದ್ದರು. ತೋರಿಸಲಾಗದಿದ್ದರೆ "ಅಡಗಿದೆ" ಎಂದಾದರೂ ಹೇಳಿ ಅದರ ರೂಪವನ್ನು ಬಾಯಿಬಿಟ್ಟು ನುಡಿಯಬೇಕಿತ್ತು.

ಈ ಅಡಗುವಿಕೆಯಲ್ಲೇ ಗ್ರಂಥಭಾಷೆಗೂ ಆಡುಮಾತಿಗೂ ವ್ಯತ್ಯಾಸವಿದೆ. ಕುರ್‌ಆನಿನ ಅಲ್-ಫುರ್ಕಾನ್ ಅಧ್ಯಾಯದ 41ನೇ ವಚನದಲ್ಲಿ "ಅಹಾಝಲ್ಲಝೀ ಬಅಸಲ್ಲಾಹು ರಸೂಲಾ" ಎಂದಿದೆ. "ಅಲ್ಲಾಹನು ದೂತನನ್ನಾಗಿ ಕಳುಹಿಸಿದ್ದು ಇವನನ್ನೇ" ಎಂಬುದು ಅದರ ತಾತ್ಪರ್ಯ. ಕ್ರಿಯಾಪದಕ್ಕೆ "-ಹು" ಅಂಟಿಕೊಂಡಿಲ್ಲ. ವ್ಯಾಕರಣಕಾರರು ಅದನ್ನು "ಬಅಸಹು" ಎಂದು ತುಂಬಿ ಓದುತ್ತಾರೆ. ಅಂದರೆ ಕ್ರಿಯಾಪದದ ನೇರ ಕರ್ಮವಾದ ಆಇದ್ ಬರಹದ ಅರಬಿಯಲ್ಲಿ ಬಿಟ್ಟುಹೋಗಬಹುದು. ಕೈರೋದಲ್ಲಾಗಲಿ ಅಮ್ಮಾನಿನಲ್ಲಾಗಲಿ ಮನೆಮಾತಿನಲ್ಲಿ ಹಾಗೆ ಬಿಡುವಂತಿಲ್ಲ. ಗ್ರಂಥಭಾಷೆಯೇ ಬಿಗಿಯಾದದ್ದು, ಆಡುಮಾತು ಸಡಿಲವಾದದ್ದು ಎಂದು ನಂಬಿದವರು ಈ ಒಂದು ವಿಷಯದಲ್ಲಿ ಅದು ತಿರುಗುಮುರುಗಾಗಿರುವುದನ್ನು ಗಮನಿಸಬೇಕು.

ದ್ವೀಪವಾಸಿ

ವಾಕ್ಯವಿಚಾರಿಯವರ ವಾದದ ಮೊದಲರ್ಧವನ್ನು ಒಪ್ಪುತ್ತೇನೆ. "ಪಾರುಮಾಡುವುದು" ಎಂಬ ರೂಪಕ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಜನ ಮಾತಿನ ನಡುವೆ ಸಿಕ್ಕಿಹಾಕಿಕೊಂಡಾಗ ಒಂದು ಸರ್ವನಾಮವನ್ನು ತುರುಕುತ್ತಾರೆ. ಪೀಟರ್ ಸೆಲ್ಸ್ 1984ರಲ್ಲಿ ಅಂಥವನ್ನು ನಿಜವಾದ ಮರಳಿ ಬರುವ ಸರ್ವನಾಮಗಳಿಂದ ಬೇರ್ಪಡಿಸಿ, "ನುಗ್ಗಿದ" ಸರ್ವನಾಮಗಳೆಂದು ಕರೆದರು. ಅವು ಅಲ್ಲಿಯೂ ಪಾರುಮಾಡುವುದಿಲ್ಲ ಎಂಬುದು ಇನ್ನೂ ಸೋಜಿಗದ ಸಂಗತಿ. ಅಲೆಕ್ಸೊಪೌಲೌ ಮತ್ತು ಕೆಲ್ಲರ್ 2007ರಲ್ಲಿ ಇಂಗ್ಲಿಷ್, ಜರ್ಮನ್, ಗ್ರೀಕ್ ಭಾಷಿಕರಿಂದ ವಾಕ್ಯಗಳಿಗೆ ಅಂಕ ಹಾಕಿಸಿದಾಗ, ದ್ವೀಪದೊಳಗೆ ಸರ್ವನಾಮವಿದ್ದ ವಾಕ್ಯಗಳು ತೆರಪು ಇದ್ದವುಗಳಿಗಿಂತ ಮೇಲೇಳಲಿಲ್ಲ. ಬಾಯಿ ಆಡುತ್ತದೆ, ಕಿವಿ ಒಪ್ಪುವುದಿಲ್ಲ. ಅರಬಿಯ ಸಹೋದ್ಯೋಗಿ "ಅಲೇಹಾ" ಇಲ್ಲದಾಗ ಕಾದು ನಿಂತದ್ದಕ್ಕೂ ಇದಕ್ಕೂ ಅಜಗಜಾಂತರವಿದೆ.

ಆದರೆ "ಯಾವ ಪದವೂ ಹೊರಟೇ ಇಲ್ಲ" ಎಂದು ಇಡೀ ಅರಬಿಗೆ ಹೇಳಿಬಿಡುವುದು ಆತುರವಾಯಿತು. ಲೆಬನಾನಿನ ಪ್ರಶ್ನೆಗಳನ್ನು ನೋಡಿ. ಅಲ್ಲಿ "ಅಯ್ಯ ಮ್ಮಸ್ಸಿಲ್ ಶಿಫ್ತ್", ಅಂದರೆ ಯಾವ ನಟನನ್ನು ನೋಡಿದೆ, ಎಂದು ತೆರಪು ಬಿಟ್ಟೂ ಕೇಳಬಹುದು. "ಅಯ್ಯ ಮ್ಮಸ್ಸಿಲ್ ಶಿಫ್ತೊ" ಎಂದು ಸರ್ವನಾಮ ಇಟ್ಟೂ ಕೇಳಬಹುದು. ಎರಡೂ ಬದಿಬದಿಗೆ ಬದುಕಿರುವುದರಿಂದ ಇಲ್ಲಿ ಪರೀಕ್ಷೆ ಸಾಧ್ಯ. "ಯಾವ ನಟನನ್ನು ಪ್ರೀತಿಸುವ ಹುಡುಗಿಯ ಪರಿಚಯ ನಿಮಗಾಯಿತು" ಎಂದು ಕೇಳುವಾಗ "ಬಿತ್‌ಹಿಬ್ಬ್" ಎಂದು ತೆರಪು ಬಿಟ್ಟರೆ ವಾಕ್ಯ ಕೆಡುತ್ತದೆ, "ಬಿತ್‌ಹಿಬ್ಬೊ" ಎಂದರೆ ಸರಿಹೋಗುತ್ತದೆ. ಆದ್ದರಿಂದ ದ್ವೀಪಗಳು ಆ ಭಾಷೆಯಲ್ಲೂ ಇವೆ. ಸಂಬಂಧವಾಚಕ ವಾಕ್ಯಗಳಲ್ಲಿ ಅವು ಕಾಣುವುದಿಲ್ಲ, ಅಷ್ಟೇ.

"ಶೂ" ಎಂಬ ಪದವಂತೂ ನನಗೆ ಅತ್ಯಂತ ಪ್ರಿಯವಾದ ಸಾಕ್ಷಿ. "ಏನು" ಎಂಬರ್ಥದ ಈ ಪದ ಮುಂದೆ ಬಂದಾಗ ಸರ್ವನಾಮವನ್ನು ಸಹಿಸುವುದಿಲ್ಲ. "ಶೂ ಶ್ತರೇತ್", ಅಂದರೆ ಏನು ಕೊಂಡೆ, ಸರಿ. "ಶೂ ಶ್ತರೇತೊ" ತಪ್ಪು. ಯಾವ ನಟ ಎಂದು ಕೇಳುವವನ ಮನಸ್ಸಿನಲ್ಲಿ ಆಗಲೇ ಒಂದು ಗುಂಪು ಇದೆ, ಆ ಗುಂಪಿನೊಬ್ಬನ ಕಡೆಗೆ ಸರ್ವನಾಮ ಬೆರಳು ತೋರಬಹುದು. ಏನು ಎಂದು ಕೇಳುವವನಿಗೆ ತೋರಿಸಲು ಏನೂ ಇಲ್ಲ. ಹೀಗಾಗಿ "ಶೂ" ದ್ವೀಪದೊಳಗೆ ಸಿಕ್ಕಿಬಿದ್ದರೆ ಅದನ್ನು ಹಾಗೇ ಮುಂದಕ್ಕೆ ತರಲು ದಾರಿಯೇ ಇಲ್ಲ. ಬೇಕಿದ್ದರೆ ವಾಕ್ಯವನ್ನೇ ಒಡೆದು "ಶೂ ಯಲ್ಲಿ ಶ್ತರೇತೊ", ಅಂದರೆ ನೀನು ಕೊಂಡದ್ದು ಯಾವುದು, ಎಂದು ಸಂಬಂಧವಾಚಕವಾಗಿ ತಿರುಗಿಸಬೇಕು. ತಿರುಗಿಸಿದ ಕೂಡಲೇ ಸರ್ವನಾಮ ಕಡ್ಡಾಯವಾಗುತ್ತದೆ. ಈಜಿಪ್ಟಿನವರು ಈ ಎಲ್ಲ ಗೊಡವೆಯಿಲ್ಲದೆ "ಶುಫ್ತ್ ಮೀನ್" ಎಂದು ಪ್ರಶ್ನಾಪದವನ್ನು ಇದ್ದಲ್ಲೇ ಇಡುತ್ತಾರೆ, ಇಲ್ಲವೇ "ಮೀನ್ ಇಲ್ಲಿ ಶುಫ್ತೂ" ಎನ್ನುತ್ತಾರೆ.

ವಾಕ್ಯವಿಚಾರಿ

ದ್ವೀಪವಾಸಿಯವರು ತಿದ್ದಿದ್ದು ನ್ಯಾಯವಾಗಿದೆ. ನನ್ನ ಮಾತು ಸಂಬಂಧವಾಚಕ ರಚನೆಗೆ ಮಾತ್ರ ಅನ್ವಯಿಸುತ್ತದೆ ಎಂದು ಬರೆಯಬೇಕಿತ್ತು.

ಅಲ್ಲಿಯೂ ಸಮಸ್ಯೆ ಮುಗಿಯುವುದಿಲ್ಲ ಎಂಬುದಕ್ಕೆ ಇನ್ನೊಂದು ಎಳೆ ಹಿಡಿಯುತ್ತೇನೆ. ಜೋಸೆಫ್ ಔನ್, ಲೀನಾ ಶುವೈರಿ ಮತ್ತು ನಾರ್ಬರ್ಟ್ ಹಾರ್ನ್‌ಸ್ಟೀನ್ 2001ರಲ್ಲಿ ಲೆಬನಾನಿನ ಅರಬಿಯ ಬಗ್ಗೆ ಒಂದು ಲೇಖನ ಬರೆದರು. ಅವರ ಉದಾಹರಣೆಯ ತಿರುಳನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅವಳ ಆ ಸೋಮಾರಿ ವಿದ್ಯಾರ್ಥಿ, ಅವನು ಪರೀಕ್ಷೆಯಲ್ಲಿ ಮೋಸ ಮಾಡಿದನೆಂದು ಯಾವ ಶಿಕ್ಷಕಿಗೂ ಹೇಳಲು ನಮಗೆ ಇಷ್ಟವಿಲ್ಲ." ಇಲ್ಲಿ "ಅವಳ" ಎಂಬುದು ಯಾರೋ ಒಬ್ಬ ಗೊತ್ತಾದ ಹೆಂಗಸಿನದಾಗಬಹುದು. ಇಲ್ಲವೇ ಒಬ್ಬೊಬ್ಬ ಶಿಕ್ಷಕಿಗೂ ಅವಳವಳ ವಿದ್ಯಾರ್ಥಿ ಎಂಬ ಹಂಚಿಕೆಯ ಅರ್ಥವೂ ಬರಬಹುದು. ಹಂಚಿಕೆಯ ಅರ್ಥ ಬರಬೇಕಾದರೆ "ಅವಳ" ಎಂಬುದು "ಯಾವ ಶಿಕ್ಷಕಿಗೂ" ಎಂಬುದರ ಕೆಳಗೆ, ಅದರ ಆಳ್ವಿಕೆಯೊಳಗೆ, ಇರಬೇಕು. ವಾಕ್ಯದ ತಲೆಯಲ್ಲಿರುವ ಪದಗುಚ್ಛ ಅಲ್ಲಿ ಇದ್ದದ್ದು ಯಾವಾಗ? ಮೊದಲು ಕೆಳಗಿದ್ದು ಆಮೇಲೆ ಮೇಲೆ ಬಂದಿದ್ದರೆ ಮಾತ್ರ. ಆ ಮೂವರು ಕಂಡದ್ದೇನೆಂದರೆ, ಸರ್ವನಾಮ ದ್ವೀಪದ ಹೊರಗಿದ್ದಾಗ ಹಂಚಿಕೆಯ ಅರ್ಥ ಸಿಗುತ್ತದೆ, ದ್ವೀಪದ ಒಳಗಿದ್ದಾಗ ಸಿಗುವುದಿಲ್ಲ. ಆದ್ದರಿಂದ ಹೊರಗಿನದು ತೋರಿಕೆಗಷ್ಟೇ ಮರಳಿ ಬರುವ ಸರ್ವನಾಮ, ಅದರ ಹಿಂದೆ ಚಲನೆ ಅಡಗಿದೆ. ಒಳಗಿನದು ಮಾತ್ರ ನಿಜವಾದದ್ದು ಎಂದು ತೀರ್ಮಾನಿಸಿದರು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಎರಡು ಬೇರೆ ಬೇರೆ ಹುಟ್ಟಿನವು ಎಂಬ ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು.

ಆದರೆ ಜೋರ್ಡನ್ನಿನ ಅರಬಿ ಬೇರೆಯೇ ಸಾಕ್ಷ್ಯ ಹೇಳಿತು. ನಿಕೋಲಾ ಗಿಲ್ಲಿಯೊ ಮತ್ತು ನೌಮಾನ್ ಮಲ್ಕಾವಿ 2006ರಲ್ಲಿ ತೋರಿಸಿದ ಪ್ರಕಾರ, ಕ್ರಿಯಾಪದಕ್ಕೆ ಅಂಟಿಕೊಳ್ಳುವ ಸಣ್ಣ ಪ್ರತ್ಯಯರೂಪದ ಸರ್ವನಾಮವಿದ್ದರೆ ದ್ವೀಪದ ಒಳಗೂ ಹಂಚಿಕೆಯ ಅರ್ಥ ಸಿಗುತ್ತದೆ. "ಹುವ್ವ" (ಅವನು) ಎಂಬಂಥ ಬಿಡಿ ಸರ್ವನಾಮ ಅಥವಾ "ಆ ಮೂರ್ಖ" ಎಂಬಂಥ ಬಿರುದು ಇದ್ದರೆ ದ್ವೀಪದೊಳಗೆ ಸಿಗುವುದಿಲ್ಲ. ಹಾಗಿದ್ದರೆ ಆ ಅರ್ಥವನ್ನು ಚಲನೆಯ ಗುರುತೆಂದು ಎಣಿಸಿದ್ದೇ ತಪ್ಪಾಗುತ್ತದೆ. ಸರ್ವನಾಮದ ಗಾತ್ರ ಮತ್ತು ತೂಕವೇ ಮುಖ್ಯವಾಗುತ್ತದೆ. ಹಂಚಿಕೆಯ ಅರ್ಥವೊಂದನ್ನೇ ನಂಬಿ ಚಲನೆ ಇದೆಯೆಂದು ಹೇಳುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಕಡಲತಡಿ

ಎಲ್ಲರಿಗೂ ಋಣಿಯಾಗಿದ್ದೇನೆ. ಊಟದ ಬಿಡುವಿನಲ್ಲಿ ಇಬ್ಬರು ಸಹೋದ್ಯೋಗಿಗಳ ಮುಂದೆ ಈ ವಾಕ್ಯಗಳನ್ನು ಇಟ್ಟೆ. "ಇಲ್-ಕ್ತಾಬ್ ಇಲ್ಲಿ ಮಾ ಬಅರಿಫ್ ಮೀನ್ ಕತಬೊ", ಅಂದರೆ ಯಾರು ಬರೆದರೆಂದು ನನಗೆ ಗೊತ್ತಿಲ್ಲದ ಪುಸ್ತಕ, ಎಂದಾಗ ಇದರಲ್ಲಿ ಕೇಳಲು ಏನಿದೆ ಎಂಬಂತೆ ನೋಡಿದರು. "ಕತಬ್" ಎಂದು ಪ್ರತ್ಯಯ ತೆಗೆದಾಗ ಇಬ್ಬರೂ ಒಟ್ಟಿಗೆ "ಕತಬೊ!" ಎಂದು ತಿದ್ದಿದರು. ಸುಲಭ ವಾಕ್ಯವಾಗಲಿ ಕಠಿಣ ವಾಕ್ಯವಾಗಲಿ, ಅವರ ತಿದ್ದುಪಡಿಯ ವೇಗ ಒಂದೇ ಆಗಿತ್ತು.

ಈಗ ನನ್ನ ಸಂದೇಹ ಕನ್ನಡದ ಕಡೆಗೆ ತಿರುಗಿದೆ. "ಯಾರು ಬರೆದರೆಂದು ಗೊತ್ತಿಲ್ಲದ ಪುಸ್ತಕ" ಎಂದು ನಾವು ಸರ್ವನಾಮವಿಲ್ಲದೆ ಹೇಳುತ್ತೇವೆ, ಯಾವ ಕೊರತೆಯೂ ಕಾಣುವುದಿಲ್ಲ. ಹಾಗಾದರೆ "ಪ್ರೀತಿಸುವ ಹುಡುಗಿಯನ್ನು ನಾನು ಬಲ್ಲ ಹುಡುಗ" ಎಂದು ಏಕೆ ಹೇಳಲಾಗುವುದಿಲ್ಲ? ನಾನೇ ಹೇಳಿ ನೋಡಿದೆ. ಆ ಹುಡುಗಿ ಪ್ರೀತಿಸುವುದು ಈ ಹುಡುಗನನ್ನೇ ಎಂಬ ಅರ್ಥ ಎಷ್ಟು ಒತ್ತಾಯಿಸಿದರೂ ಹೊರಡುವುದಿಲ್ಲ.

ವಾಕ್ಯವಿಚಾರಿ

ತಾವು ಹುಡುಕಿದ ಆ ಜೋಡಿ ಬಹಳ ಬೆಲೆಯುಳ್ಳದ್ದು. "ಬಲ್ಲ ಹುಡುಗ" ಎಂಬಂಥ ನಮ್ಮ ಕೃದಂತದ ರಚನೆ ತೆರಪನ್ನು ಬಿಡುತ್ತದೆ, ಆದ್ದರಿಂದ ನಾಮಪದವನ್ನು ಬಣ್ಣಿಸುವ ಉಪವಾಕ್ಯದಂಥ ಗಟ್ಟಿ ದ್ವೀಪಗಳು ಅದನ್ನು ತಡೆಯುತ್ತವೆ. ಪ್ರಶ್ನಾರ್ಥಕ ಉಪವಾಕ್ಯ ಹಲವು ಭಾಷೆಗಳಲ್ಲಿ ತೆಳುವಾದ ದ್ವೀಪ, ಅದನ್ನು ದಾಟಬಹುದು. ಕೈರೋದ ವಾಕ್ಯವನ್ನು ಕೃದಂತದಲ್ಲಿ ಹೇಳಲು ಯತ್ನಿಸಿ: "ನಾನು ನೋಡುವ ಮುಂಚೆಯೇ ಹೊರಟ ಗಂಡಸು." ಹೊರಟವನು ಯಾರು? ಗಂಡಸು. ಅರಬಿಯಲ್ಲಿ ಹೊರಟವನು ನಾನು. "ಮುಂಚೆ" ಎಂಬ ದ್ವೀಪದೊಳಗಿನ ತೆರಪನ್ನು ಕನ್ನಡದ ಕಿವಿ ಹುಡುಕುವುದೇ ಇಲ್ಲ, ಹೊರಗಿನ ಕ್ರಿಯಾಪದದ ಕರ್ತೃಸ್ಥಾನವನ್ನೇ ಹಿಡಿಯುತ್ತದೆ.

ಇಲ್ಲೊಂದು ಆಕ್ಷೇಪ ಏಳಬಹುದು. "ಆ ಪುಸ್ತಕ ಏನಾಯಿತು?" ಎಂದರೆ "ಓದಿದೆ" ಎಂದಷ್ಟೇ ಉತ್ತರಿಸುವವರು ನಾವು; "ಅದನ್ನು" ಎನ್ನುವುದಿಲ್ಲ. ಅರಬಿಯವರು "ಕರೇತೊ" ಎಂದು ಪ್ರತ್ಯಯ ಸೇರಿಸಲೇಬೇಕು. ಕರ್ಮವನ್ನು ನುಂಗುವ ಈ ರೂಢಿಯಿಂದಲೇ ನಮ್ಮವರು ಗಲ್ಫಿಗೆ ಹೋಗಿ "-ಹಾ" ಮರೆಯುತ್ತಾರೆ ಎಂದು ನನ್ನ ಊಹೆ. ಹಾಗಾದರೆ ನಮ್ಮ ಕೃದಂತದ ತೆರಪೂ ಒಂದು ಮೌನ ಸರ್ವನಾಮವೇ ಆಗಿರಬಾರದೇಕೆ? ಆಗಿದ್ದರೆ ಅದು ಅರಬಿಯ ಸರ್ವನಾಮದಂತೆಯೇ ಎಲ್ಲ ದ್ವೀಪಗಳಲ್ಲೂ ನಿಲ್ಲಬೇಕಿತ್ತು, ತಮ್ಮ "ಬಲ್ಲ ಹುಡುಗ" ವಾಕ್ಯ ಸರಿಹೋಗಬೇಕಿತ್ತು. ಸರಿಹೋಗುವುದಿಲ್ಲ. ಗಟ್ಟಿ ದ್ವೀಪ ಎದುರಾದಾಗ ನಮಗೆ ಉಳಿಯುವುದು "ಯಾವ... ಆ" ಎಂಬ ಜೋಡಿ ರಚನೆ, ಮೇಲೆ ನಾನು ಅರಬಿ ವಾಕ್ಯಗಳಿಗೆ ಅರ್ಥ ಬರೆಯುವಾಗ ಮತ್ತೆ ಮತ್ತೆ ಅದನ್ನೇ ಬಳಸಬೇಕಾಯಿತು.

ನಹ್ವ್ ವಿದ್ಯಾರ್ಥಿ

ಒಂದು ಪ್ರಶ್ನೆ ಉಳಿದಿದೆ. ಕರ್ಮಕ್ಕೆ ಆಇದ್ ಕಡ್ಡಾಯ ಎಂದಿರಿ. ಕರ್ತೃವಿಗೆ? "ಇಲ್-ಬಿಂತ್ ಇಲ್ಲಿ ಹಿಯ್ಯೆ ರಾಯ್ಹ ಅಲಾ ಬೇರೂತ್" ಎಂದು, "ಹಿಯ್ಯೆ" (ಅವಳು) ಸೇರಿಸಿ, ಬೇರೂತಿಗೆ ಹೊರಟಿರುವ ಹುಡುಗಿಯ ಬಗ್ಗೆ, ಯಾರಾದರೂ ಹೇಳುತ್ತಾರೆಯೇ?

ದ್ವೀಪವಾಸಿ

ಹೇಳುವುದಿಲ್ಲ. ಉಪವಾಕ್ಯದ ಅತ್ಯಂತ ಮೇಲಿನ ಕರ್ತೃಸ್ಥಾನದಲ್ಲಿ ಬಿಡಿ ಸರ್ವನಾಮ ನಿಲ್ಲಲಾರದು. ಹೀಬ್ರೂ ಮತ್ತು ಐರಿಷ್ ಭಾಷೆಗಳಲ್ಲೂ ಇದೇ ನಿಷೇಧವಿದೆ. ಜಿಮ್ ಮೆಕ್‌ಕ್ಲೋಸ್ಕಿ 1990ರಲ್ಲಿ ಐರಿಷ್ ಬಗ್ಗೆ ಇದನ್ನು ವಿವರವಾಗಿ ಬರೆದಿದ್ದಾರೆ. ಊರ್ ಶ್ಲಾನ್‌ಸ್ಕಿ 1992ರಲ್ಲಿ ಹೀಬ್ರೂ ಮತ್ತು ಪ್ಯಾಲೆಸ್ತೀನಿನ ಅರಬಿಯನ್ನು ಬದಿಬದಿಗಿಟ್ಟು ಈ ಕರ್ತೃಸ್ಥಾನದಿಂದಲೇ ವಾದ ಕಟ್ಟಿದರು: ಚಲನೆ ಸಾಧ್ಯವಿರುವಲ್ಲಿ ಸರ್ವನಾಮ ಬರುವುದಿಲ್ಲ, ಬೇರೆ ದಾರಿ ಇಲ್ಲದಾಗ ಮಾತ್ರ ಬರುತ್ತದೆ, ಅದು ಕೊನೆಯ ಉಪಾಯ. ಅವರ ಪ್ರಕಾರ ಪ್ಯಾಲೆಸ್ತೀನಿನ ಮಾತಿನಲ್ಲಿ ಚಲನೆಯ ಬಾಗಿಲು ತೆರೆದಿರುವುದು ಆ ಒಂದೇ ಸ್ಥಾನಕ್ಕೆ, ಉಳಿದ ಎಲ್ಲಕ್ಕೂ ಮುಚ್ಚಿದೆ. ವಾಕ್ಯವಿಚಾರಿಯವರ "ಪಾರುಮಾಡುವುದಿಲ್ಲ" ಎಂಬ ನಿಲುವಿಗೆ ನಿಜವಾದ ಸವಾಲು ಇದು. ಶ್ಲಾನ್‌ಸ್ಕಿಯವರನ್ನು ಒಪ್ಪಿದರೆ ಸರ್ವನಾಮ ಮತ್ತೆ ದೋಣಿಯೇ ಆಗುತ್ತದೆ, ಆದರೆ ಎಲ್ಲೆಡೆ ನೀರಿರುವ ಊರಿನ ದಿನನಿತ್ಯದ ದೋಣಿ.

ಕಡಲತಡಿ

ಇಂದು ಬೆಳಿಗ್ಗೆ ಆ ಬೇರೂತಿನ ವಾಕ್ಯವನ್ನು "ಹಿಯ್ಯೆ" ಸೇರಿಸಿ ಅದೇ ಸಹೋದ್ಯೋಗಿಯ ಮುಂದೆ ಹೇಳಿದೆ. ಈ ಸಲ ಅವರು ಕಾಯಲಿಲ್ಲ. "ಹಿಯ್ಯೆ ಬೇಡ" ಎಂದು ಕೈಯಾಡಿಸಿದರು. ಒಂದು ವಾಕ್ಯದಲ್ಲಿ ಸರ್ವನಾಮ ಇಲ್ಲದ್ದಕ್ಕೆ ನನ್ನ ಮುಖ ನೋಡುತ್ತಾ ನಿಂತಿದ್ದವರು, ಇನ್ನೊಂದರಲ್ಲಿ ಅದು ಇದ್ದದ್ದಕ್ಕೆ ಮಾತು ಮುಗಿಯುವ ಮೊದಲೇ ತಡೆದರು. ಏಕೆ ಬೇಡ ಎಂದು ಕೇಳಿದ್ದಕ್ಕೆ, "ಹೊರಟವಳು ಅವಳೇ ಅಲ್ಲವೇ, ಮತ್ತೆ ಇನ್ಯಾರನ್ನು ಕರೆಯುತ್ತಿದ್ದೀರಿ?" ಎಂದರು.